ಹೆಸರು ಹೊರಬೀಳುವ ಮುಂಚೆ

"ಅಕ್ಕೋರ, ನಿಮ್ಮ ಓಟು ಯಾವ ಪಕ್ಷಕ್ಕರಿ?"

ಶಾಲೆಯ ಹೊಸ್ತಿಲಲ್ಲಿ ನಿಂತು ಹೀಗೆ ಕೇಳಿದವನನ್ನು ಕಂಡು ಶಿಕ್ಷಕಿ ಕಸ್ತೂರೆವ್ವನಿಗೆ ನಗು ಬಂತು. ೧೯೫೧ರ ದೀಪಾವಳಿ ಆಗಷ್ಟೇ ಮುಗಿದಿತ್ತು. ದೇಶದ ಮೊದಲ ಚುನಾವಣೆಗೆ ಯಾರು ನಿಲ್ಲುತ್ತಾರೆಂಬುದೇ ಊರಿನಲ್ಲಿ ಇನ್ನೂ ಯಾರಿಗೂ ಗೊತ್ತಿರಲಿಲ್ಲ.

"ನಿಲ್ಲೋರ ಹೆಸರ ಗೊತ್ತಿಲ್ಲದ ಹೆಂಗ ಹೇಳೂದ್ರಿ?"

"ಸುಮ್ನ ಅಂದಾಜ್ರಿ. ಪತ್ರಿಕಿಗೆ ಬೇಕಾಗೇತಿ."

ಅವನು ತಿರಕಪ್ಪ, ಗದುಗಿನ ಒಂದು ವಾರಪತ್ರಿಕೆಯವನು. ಹಳ್ಳಿಗಳ ಒಲವು ಯಾವ ಪಕ್ಷದ ಕಡೆ ಎಂದು ಬರೆದು ತರಲು ಕಳಿಸಿದ್ದರು. ಕೊರ್ಲಹಳ್ಳಿಯ ಗಂಡಸರು ಕಟ್ಟೆಯ ಮೇಲೆ ಕೂತು ಬೇಕಾದ್ದು ಬೇಡಾದ್ದೆಲ್ಲ ಹೇಳಿದ್ದರು. ಹೆಂಗಸರು ಮಾತ್ರ ಪರಗಂಡಸನ್ನು ಕಂಡದ್ದೇ ಒಳಗೆ ಓಡಿದ್ದರು. ಅದಕ್ಕೇ ಊರಿನ ಅಕ್ಕೋರ ನೆರವು ಬೇಡಲು ಬಂದಿದ್ದ.

ಮೂರು ಭಾನುವಾರ ಹೀಗೇ ನಡೆಯಿತು. ಅವಳು ಅಡುಗೆಮನೆಗಳಿಗೆ ಹೋಗಿ ಕೇಳುವಳು, ಅವನು ಬೇವಿನ ಕೆಳಗೆ ಕೂತು ಬರೆದುಕೊಳ್ಳುವನು.

"ಎಲ್ಲಾರೂ ಜೋಡೆತ್ತಿನ ಗುರ್ತಿನ ಡಬ್ಬಿಗೇ ಓಟು ಹಾಕ್ತಾರಂತ್ರಿ."

"ನೀವು ನಕ್ಕೋಂತ ಕೇಳಿರಬೇಕು. ನೀವು ನಕ್ರ ಯಾರ ಇಲ್ಲ ಅಂತಾರ್ರಿ?"

ಅವಳು ಸಿಟ್ಟಿನಿಂದ ನೋಡಬೇಕೆಂದುಕೊಂಡಳು. ಆದರೆ ಅವನ ಕಣ್ಣು ಪುಸ್ತಕದಲ್ಲಿರಲಿಲ್ಲ, ಅವಳ ಮುಖದಲ್ಲೇ ಇತ್ತು. ಹಾಳಾದ ನಾಚಿಕೆ, ಬರಬಾರದ ಹೊತ್ತಿಗೇ ಬಂತು.

ನಾಲ್ಕನೆಯ ವಾರ ಉಮೇದುವಾರನ ಹೆಸರು ಊರಿಗೆ ಬಂತು. ಹೊಳೆದಂಡೆಯ ಹೊಲಗಳ ಬದು ಒತ್ತಿದ್ದ ಒಬ್ಬ ಸಾಹುಕಾರನೇ ಜೋಡೆತ್ತಿನ ಪಕ್ಷದಿಂದ ನಿಲ್ಲುತ್ತಾನಂತೆ. "ಅಂವಗ ಯಾರ ಹಾಕ್ತಾರ ನಮ್ಮವ್ವಾ," ಎಂದು ಶಾಲೆಯ ಪಕ್ಕದ ಮನೆಯ ಗದಿಗೆವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. ಉಳಿದ ಮನೆಗಳಲ್ಲೂ ಅದೇ ಮಾತು.

ತಿರಕಪ್ಪ ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದ. "ಹೆಸರು ಬರೂದ್ರಾಗ ಅಂದಿದ್ದು ಬರೇ ಪಕ್ಷದ ಮಾತ್ರಿ. ಮನಿಶ್ಯಾನ ಮಾತಲ್ಲ."

ಕಸ್ತೂರೆವ್ವನಿಗೆ ತನ್ನ ಮದುವೆಯ ಮಾತು ನೆನಪಾಯಿತು. ಶ್ರಾವಣದಲ್ಲಿ ಅಪ್ಪ ಲಕ್ಷ್ಮಪ್ಪ, "ನೌಕರದಾರ ಆದ್ರ ಆತಿಲ್ಲವಾ?" ಎಂದಿದ್ದ. ಅವಳು ಸುಮ್ಮನೆ ತಲೆಯಾಡಿಸಿದ್ದಳು.

"ನಾಳಿ ನಮ್ಮಪ್ಪ ಲಕ್ಷ್ಮೇಶ್ವರದ ಗುಮಾಸ್ತರ ಮನಿಗೆ ಎಲಿ-ಅಡಿಕಿ ಕೊಟ್ಟು ನನ್ನ ಮದುವಿ ಗಟ್ಟಿ ಮಾಡಾಕ ಹೊಂಟಾನ್ರಿ," ಎಂದಳು.

ಅವನ ಪೆನ್ಸಿಲ್ ನಿಂತಿತು. "ನೀವು ಒಪ್ಪೀರಿ?"

"ನೌಕರದಾರಗ ಒಪ್ಪಿದ್ದೆ. ಆಗ ಹೆಸರಿರಲಿಲ್ಲ."

"ಈಗ?"

"ಅಂದಾಜು ಕೇಳಾಕತ್ತೀರೋ, ಖರೇನ ಕೇಳಾಕತ್ತೀರೋ?"

"ಖರೇನರಿ," ಎಂದ ಅವನು. ದನಿ ಸಣ್ಣಗಾಗಿತ್ತು. "ನಿಮ್ಮನ್ನ ನೋಡದಿದ್ರ ವಾರ ಹೋಗವಲ್ದು ನನಗ. ನೀವು ಹೂಂ ಅಂದ್ರ ನಮ್ಮ ಹಿರ್ಯಾರನ್ನ ಕರ್ಕೊಂಡು ಬರ್ತೀನಿ."

ಅವಳು ಹೂಂ ಎನ್ನಲಿಲ್ಲ. ಅಂದೇ ಮಧ್ಯಾಹ್ನದ ಮೋಟಾರು ಹಿಡಿದು ಅಪ್ಪನ ಊರು ಅಸುಂಡಿಗೆ ಹೋದಳು. ಅಪ್ಪ ಕಟ್ಟೆಯ ಮೇಲೆ ಕೂತು ನಾಳೆಗೆಂದು ಎಲೆ ಆರಿಸುತ್ತಿದ್ದ.

"ಅಪ್ಪಾ, ಎಲಿ-ಅಡಿಕಿ ಬ್ಯಾಡ."

"ನೌಕರದಾರ ಆದೀತಂತ ತಲಿ ಆಡ್ಸಿದ್ದಿ ಅಲ್ಲವಾ?"

"ನೀ ನೌಕರಿ ಕೇಳಿದ್ದಿ. ಮನಿಶ್ಯಾನ ಕೇಳಲಿಲ್ಲ."

ಲಕ್ಷ್ಮಪ್ಪನ ಕೈ ನಿಂತಿತು. ತಲೆಯೆತ್ತಿ ಮಗಳ ಮುಖ ನೋಡಿದ. ಅವಳು ಜಾಗ ಬಿಡಲಿಲ್ಲ.

"ಮನಿಶ್ಯಾ ಯಾರು ಹಂಗಾರ?"

"ತಿರಕಪ್ಪ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಅಪ್ಪ ಎಲೆಗಳನ್ನು ಬದಿಗೆ ಸರಿಸಿದ. "ಮದುವಿ ಆದಮ್ಯಾಗ ಗಂಡನ ಹೆಸರ ಬಾಯಿಲೆ ತಗಿಯಂಗಿಲ್ಲವಾ. ಅನ್ನೂದಿದ್ರ ಈಗ ಚೊಲೋತ್ನ್ಯಾಗ ಅಂದ್ಬಿಡು."

ಅವಳು ಮತ್ತೊಮ್ಮೆ ಹೇಳಿದಳು. ಆಚೆ ಮನೆಯವರಿಗೂ ಕೇಳಿಸಿತು.