ಮೂರು ದಿನದ ಟ್ರಯಲ್

ಅಕ್ಕನ ಫೋನ್ ರಿಂಗಾದಾಗ, ಮನೆಯಲ್ಲಿ ಪ್ರಶ್ನೆಪತ್ರಿಕೆ ಎಂದೇ ಕರೆಸಿಕೊಳ್ಳುವ ತಂಗಿ ಅದರಲ್ಲಿನ ಆಟದ ಹದಿನೇಳನೇ ಲೆವೆಲ್‌ನಲ್ಲಿದ್ದಳು. ಇನ್ನು ನಾಲ್ಕು ಇಟ್ಟಿಗೆ ಒಡೆದರೆ ಹದಿನೆಂಟು. ಅಷ್ಟರಲ್ಲಿ ಗೊತ್ತಿಲ್ಲದ ನಂಬರೊಂದು ಬಂದು ಇಟ್ಟಿಗೆಗಳ ಮೇಲೆಯೇ ಕೂತಿತು. ಅವಳು ಹಿಂದೆಮುಂದೆ ನೋಡದೆ ಕೆಂಪು ಗುಂಡಿ ಒತ್ತಿದಳು.

ಒತ್ತಿದ ಮೇಲೆ ಅಕ್ಕ ಹೇಳಿದ್ದು ನೆನಪಾಯಿತು.

ಐದು ದಿನದಿಂದ ಅಕ್ಕ ಆ ಫೋನನ್ನು ಕೈಯಿಂದ ಇಳಿಸಿರಲಿಲ್ಲ. ಸ್ನಾನಕ್ಕೆ ಹೋದರೂ ಬಚ್ಚಲುಮನೆಯ ಕಿಟಕಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಇವತ್ತು ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ಮಾತ್ರ ತಂಗಿಯ ಕೈಗೆ ಕೊಟ್ಟಿದ್ದಳು. ಹತ್ತೇ ನಿಮಿಷ, ಆಟ ಆಡಬೇಡ, ಯಾರಾದರೂ ಮಾಡಿದರೆ ಕೂಗು ಎಂದು ಮೂರು ಮಾತು ಹೇಳಿದ್ದಳು. ಪ್ರಶ್ನೆಪತ್ರಿಕೆ ಮೂರನ್ನೂ ಮೀರಿದ್ದಳು.

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅವಳು ನಾಲ್ಕನೇ ತಪ್ಪನ್ನೂ ಮಾಡಿದಳು. ಆ ನಂಬರನ್ನು ಡಿಲೀಟ್ ಮಾಡಿಬಿಟ್ಟಳು.

"ಯಾರಾದ್ರೂ ಮಾಡಿದ್ರಾ?" ಅಕ್ಕ ಕೇಳಿದಳು.

"ಇಲ್ಲ."

ದಿನಕ್ಕೆ ನಲವತ್ತು ಪ್ರಶ್ನೆ ಕೇಳುತ್ತಾಳೆಂದು ಅಕ್ಕನೇ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದಳು. ಅವತ್ತು ರಾತ್ರಿ ಊಟ ಮುಗಿಯುವವರೆಗೂ ಅವಳ ಬಾಯಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, ಜ್ವರವೇನೂ ಇಲ್ಲವಲ್ಲ ಎಂದರು.

ಅಕ್ಕನಿಗೆ ಹದಿನೇಳು ವರ್ಷ ಎಂಟು ತಿಂಗಳು. ಹನ್ನೆರಡನೇ ತರಗತಿ ಮುಗಿದಿತ್ತು. ಹಗಲು ಕೆಲಸ, ಸಂಜೆ ಕಾಲೇಜು ಎಂಬುದು ಅವಳ ಯೋಜನೆ. ಸಂಜೆ ಕಾಲೇಜು ಸಿಕ್ಕಿತ್ತು. ಹಗಲು ಕೆಲಸ ಕೊಡುವವರು ಮಾತ್ರ ಯಾರೂ ಇರಲಿಲ್ಲ.

ಎರಡು ವಾರದ ಹಿಂದೆ ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪ್ರಶ್ನೆಪತ್ರಿಕೆಯೂ ಅವಳ ಜೊತೆ ಅಂಗಡಿ ಅಂಗಡಿ ಅಲೆದಿದ್ದಳು. ಜೆರಾಕ್ಸ್ ಅಂಗಡಿಯವನಿಗೆ ಎರಡು ವರ್ಷದ ಅನುಭವ ಇರುವವರು ಬೇಕಿತ್ತು. ಕೆಲಸ ಏನೆಂದರೆ, ಹಾಳೆ ಇಟ್ಟು ಹಸಿರು ಗುಂಡಿ ಒತ್ತುವುದು. ಮೊದಲನೇ ಸಲ ಎಲ್ಲಿ ಒತ್ತಿ ಕಲಿಯಬೇಕು ಅಂಕಲ್ ಎಂದು ಪ್ರಶ್ನೆಪತ್ರಿಕೆ ಕೇಳಿದಳು. ಬೇರೆ ಕಡೆ ಎಲ್ಲಾದರೂ ಎಂದು ಅವನು ಹೇಳಿದ. ಬೇರೆ ಕಡೆ ಇದ್ದದ್ದು ಇನ್ನೊಂದೇ ಜೆರಾಕ್ಸ್ ಅಂಗಡಿ. ಅಲ್ಲಿಯೂ ಬೇರೆ ಕಡೆ ಎಲ್ಲಾದರೂ ಎಂದರು.

ಔಷಧಿ ಅಂಗಡಿಯವರು ಹದಿನೆಂಟು ತುಂಬಿದ ಮೇಲೆ ಬಾ ಎಂದರು. ಚಪ್ಪಲಿ ಅಂಗಡಿಯವರು ಹದಿನೆಂಟು ತುಂಬಿದವರೂ ಬೇಡ, ಕಾಲೇಜು ಶುರುವಾದ ಕೂಡಲೇ ಕಂಬಿ ಕೀಳುತ್ತಾರೆ ಎಂದರು. ಸಿನಿಮಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಒಂದು ಜಾಗ ಖಾಲಿ ಇತ್ತು, ಅದಕ್ಕೆ ಮೂವತ್ತೊಂದು ಜನ ಬಂದಿದ್ದರು. ಸಾಲಿನಲ್ಲಿ ನಾಲ್ಕನೆಯವರು ಅಕ್ಕನಿಗೆ ಟ್ಯೂಷನ್‌ನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ಅಕ್ಕನನ್ನು ಕಂಡು ಅವರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಅಕ್ಕನೂ ನೋಡದವಳಂತೆ ಸಾಲು ಬಿಟ್ಟು ಬಂದಳು.

ಕೊನೆಗೆ ಸಿಕ್ಕಿದ್ದು ದೊಡ್ಡ ಪಾತ್ರೆ ಅಂಗಡಿ. ಬಾಗಿಲ ಪಕ್ಕದಲ್ಲೇ ಬೋರ್ಡು ಇತ್ತು: ಹುಡುಗ ಹುಡುಗಿಯರು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ. ಮೂರು ದಿನ ಟ್ರಯಲ್, ಪಾಸಾದರೆ ಕೆಲಸ. ಟ್ರಯಲ್‌ಗೆ ಸಂಬಳವಿಲ್ಲ, ಏಕೆಂದರೆ ಅದು ಕೆಲಸವಲ್ಲ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು.

ಕೆಲಸವಲ್ಲದ ಆ ಕೆಲಸ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಇತ್ತು. ಹಿಂದಿನ ಕೋಣೆಯಲ್ಲಿ ಕೂತು ಹೊಸ ತಟ್ಟೆಗಳಿಗೆ ಬೆಲೆಯ ಸ್ಟಿಕರ್ ಹಚ್ಚಬೇಕು. ಅಕ್ಕ ಮೂರು ದಿನದಲ್ಲಿ ಎರಡು ಸಾವಿರದ ನೂರು ತಟ್ಟೆಗೆ ಹಚ್ಚಿದಳು. ಅವಳದೇ ಒಂದು ವಿಧಾನವೂ ಇತ್ತು. ತಟ್ಟೆಯ ಹಿಂಭಾಗದ ಅಂಚಿಗೆ ಹಚ್ಚಿ, ಒಂದು ಮೂಲೆಯನ್ನು ಚೂರೇ ಚೂರು ಒಳಗೆ ಮಡಚುವುದು. ಹಾಗೆ ಮಡಚಿದರೆ ಎಳೆದ ಕೂಡಲೇ ಕಿತ್ತು ಬರುತ್ತದೆ. ಮ್ಯಾನೇಜರು ಭೇಷ್ ಎಂದರು. ಮೂರನೇ ದಿನ ಸಂಜೆ ಮನೆಗೆ ಕಳಿಸುವಾಗ, ಫೋನ್ ಮಾಡಿ ತಿಳಿಸುತ್ತೇವೆ ಎಂದರು.

ಆ ಫೋನಿಗಾಗಿ ಮನೆಯೆಲ್ಲ ಕಾಯುತ್ತಿತ್ತು, ಏಕೆಂದರೆ ಭಾನುವಾರ ಅತ್ತೆ ಬರುವವರಿದ್ದರು.

ಅತ್ತೆ ಎಂದರೆ ಅಪ್ಪನ ತಂಗಿ. ಅವರ ಊರಿಗೆ ಬಸ್ಸಿನಲ್ಲಿ ಆರು ಗಂಟೆ. ಅವರಿಗೆ ಎರಡು ವರ್ಷದ ಅವಳಿ ಮಕ್ಕಳು. ಅಕ್ಕ ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತಾಳೆ, ನಮ್ಮಲ್ಲಿಗೆ ಬಂದು ಮಕ್ಕಳನ್ನು ನೋಡಿಕೊಂಡು ಹಾಯಾಗಿರಲಿ ಎಂದು ಎರಡು ತಿಂಗಳಿಂದ ಹೇಳುತ್ತಿದ್ದರು. ಇಷ್ಟು ಜನರಲ್ಲಿ ಅನುಭವ ಕೇಳದವರು, ವಯಸ್ಸು ಕೇಳದವರು ಅತ್ತೆ ಒಬ್ಬರೇ. ಆ ಊರಿನಲ್ಲಿ ಸಂಜೆ ಕಾಲೇಜು ಇರಲಿಲ್ಲ. ಅದನ್ನೂ ಅವರು ಕೇಳಿರಲಿಲ್ಲ.

ಅಪ್ಪ ಮನಸ್ಸಿನಲ್ಲಿ ಅಕ್ಕನ ಕಡೆ. ಆದರೆ ಅತ್ತೆಯ ಎದುರಿಗೆ ಅಪ್ಪನ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಅಂಗಡಿಯಿಂದ ಒಂದು ಉತ್ತರ ಬರುವುದಿದೆ, ಬರಲಿ, ಆಮೇಲೆ ನೋಡೋಣ ಎಂದು ಹೇಗೋ ತಳ್ಳಿಕೊಂಡು ಬಂದಿದ್ದರು.

ಆ ಉತ್ತರವನ್ನೇ ತಾನು ಕೆಂಪು ಗುಂಡಿ ಒತ್ತಿ ಕೊಂದೆ ಎಂದು ಪ್ರಶ್ನೆಪತ್ರಿಕೆಗೆ ಖಾತ್ರಿಯಾಗಿತ್ತು. ಶುಕ್ರವಾರ ಸಂಜೆ ಶಾಲೆ ಬಿಟ್ಟವಳು ನೇರ ಪಾತ್ರೆ ಅಂಗಡಿಗೆ ಹೋದಳು.

ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ಬಾಗಿಲ ಹತ್ತಿರ ಒಂದು ಕ್ಷಣ ನಿಂತಳು. ಬೇಕಾಗಿದ್ದಾರೆ ಬೋರ್ಡು ಇನ್ನೂ ಅಲ್ಲೇ ಇತ್ತು. ಹಾಳೆಗೆ ಲ್ಯಾಮಿನೇಷನ್ ಮಾಡಿಸಿ, ನಾಲ್ಕೂ ಮೂಲೆಗೆ ಸ್ಕ್ರೂ ಹಾಕಿ ಗೋಡೆಗೆ ಬಿಗಿದಿದ್ದರು.

"ಸರ್, ನಿನ್ನೆ ನೀವು ಮಾಡಿದ ಫೋನ್ ಕಟ್ ಮಾಡಿದ್ದು ನಾನು," ಎಂದಳು. "ನಮ್ಮಕ್ಕಂದು ಏನೂ ತಪ್ಪಿಲ್ಲ."

ಮ್ಯಾನೇಜರು ನಗುಮುಖದ ಮನುಷ್ಯ. "ಯಾವ ಅಕ್ಕ?"

"ತಟ್ಟೆಗೆ ಸ್ಟಿಕರ್ ಹಚ್ಚಿದ್ಳಲ್ಲ."

"ಎಲ್ಲಾರೂ ತಟ್ಟೆಗೇ ಹಚ್ಚೋದು, ಮರಿ."

ಅವರು ನಿನ್ನೆ ಯಾರಿಗೂ ಫೋನ್ ಮಾಡಿರಲಿಲ್ಲ. ಮೊನ್ನೆಯೂ ಮಾಡಿರಲಿಲ್ಲ. ಸೆಲೆಕ್ಟ್ ಆದವರಿಗೆ ಮಾತ್ರ ಮಾಡುವುದು ಎಂದರು. ಯಾರು ಸೆಲೆಕ್ಟ್ ಆದರು ಎಂದು ಪ್ರಶ್ನೆಪತ್ರಿಕೆ ಕೇಳಿದಳು.

"ನೋಡ್ತಾ ಇದೀವಿ. ಒಳ್ಳೇ ಜನ ಸಿಗೋದು ಕಷ್ಟ ಈಗ," ಎಂದು ಮ್ಯಾನೇಜರು ನಿಟ್ಟುಸಿರು ಬಿಟ್ಟರು. ಈಗಿನ ಹುಡುಗ ಹುಡುಗಿಯರಿಗೆ ಮೈಬಗ್ಗಿಸಿ ದುಡಿಯುವುದೇ ಬೇಡವಾಗಿದೆ, ಮೂರು ದಿನ ಬರುತ್ತಾರೆ, ಆಮೇಲೆ ಪತ್ತೆಯೇ ಇರುವುದಿಲ್ಲ ಎಂದು ದೂರಿದರು. ಪತ್ತೆ ಹಚ್ಚಲು ಫೋನ್ ಮಾಡಬಹುದಲ್ಲ ಎಂಬ ಪ್ರಶ್ನೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು.

"ಹಾಗಾದ್ರೆ ಆ ಮೂರು ದಿನಾನ ಅನುಭವ ಅಂತ ಒಂದು ಹಾಳೇಲಿ ಬರ್ಕೊಡ್ತೀರಾ, ಸರ್? ಜೆರಾಕ್ಸ್ ಅಂಗಡೀಲಿ ಕೇಳ್ತಾರೆ."

ಮ್ಯಾನೇಜರ ನಗು ಸ್ವಲ್ಪ ಕಡಿಮೆಯಾಯಿತು. "ಅದು ಹೇಗಾಗತ್ತಮ್ಮ? ಕೆಲಸ ಮಾಡಿದ್ರೆ ಅನುಭವ. ಇದು ಟ್ರಯಲ್."

ಆದರೂ ಅವರದು ದೊಡ್ಡ ಮನಸ್ಸು. ಸೋಮವಾರ ಹೊಸ ಸ್ಟಾಕ್ ಬರುತ್ತದೆ, ನಿಮ್ಮಕ್ಕನಿಗೆ ಬರಲು ಹೇಳು, ಇನ್ನೊಂದು ಟ್ರಯಲ್ ಕೊಟ್ಟು ನೋಡೋಣ ಎಂದರು.

ಹೊರಡುವ ಮುನ್ನ ಪ್ರಶ್ನೆಪತ್ರಿಕೆ ಕಪಾಟಿನಿಂದ ಒಂದು ತಟ್ಟೆ ತೆಗೆದು ತಿರುಗಿಸಿದಳು. ಹಿಂಭಾಗದ ಅಂಚಿನಲ್ಲಿ ಸ್ಟಿಕರ್, ಮೂಲೆ ಚೂರೇ ಚೂರು ಒಳಗೆ ಮಡಚಿತ್ತು. ಪಕ್ಕದ್ದೂ ಹಾಗೇ. ಆ ಸಾಲಿನ ಐದೂ ಕಪಾಟುಗಳಲ್ಲಿ ಅಕ್ಕನೇ ಇದ್ದಳು.

ಕಪಾಟಿನ ಆಚೆ ಹಿಂದಿನ ಕೋಣೆಯ ಬಾಗಿಲು. ಒಳಗೆ ಕನ್ನಡಕ ಹಾಕಿದ ಹುಡುಗಿಯೊಬ್ಬಳು ನೆಲದ ಮೇಲೆ ತಟ್ಟೆಗಳ ನಡುವೆ ಕೂತಿದ್ದಳು. ವಯಸ್ಸು ಅಕ್ಕನಷ್ಟೇ. ಅವಳು ಕೈಸನ್ನೆ ಮಾಡಿ ಕರೆದಳು.

"ನಿಮ್ಮಕ್ಕನೂ ಇಲ್ಲಿ ಟ್ರಯಲ್ ಮಾಡಿದ್ಳಾ?" ದನಿ ತಗ್ಗಿಸಿ ಕೇಳಿದಳು. "ಫೋನು ಎಷ್ಟು ದಿನಕ್ಕೆ ಬಂತು?"

"ನಿಮಗೆ ಇದು ಎಷ್ಟನೇ ದಿನ?"

"ಇವತ್ತು ಕೊನೇದು."

ಪ್ರಶ್ನೆ ಕೇಳುವುದು ಸುಲಭ, ಉತ್ತರ ಕೊಡುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಚೀಲದ ಪಟ್ಟಿ ಎಳೆದುಕೊಂಡಳು. "ಬಂದಿಲ್ಲ," ಎಂದಳು.

"ಇನ್ನೂ ಬಂದಿಲ್ವಾ?"

"ಯಾರಿಗೂ ಬಂದಿಲ್ಲ."

ಹುಡುಗಿಯ ಮುಂದೆ ಇನ್ನೂ ಇನ್ನೂರು ತಟ್ಟೆಗಳಾದರೂ ಇದ್ದವು. ಅವಳು ಒಂದು ಸ್ಟಿಕರ್ ತೆಗೆದು, ತಟ್ಟೆಯ ಅಂಚಿಗಲ್ಲ, ಊಟ ಬಡಿಸುವ ಕಡೆ ನಟ್ಟನಡುವೆ ಇಟ್ಟು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು.

ಅಂಗಡಿಯಿಂದ ಹೊರಬಂದಾಗ ಪ್ರಶ್ನೆಪತ್ರಿಕೆಗೆ ಮೈ ಹಗುರಾಗಿತ್ತು. ತಪ್ಪು ತನ್ನದಲ್ಲ. ಆ ನಂಬರು ಯಾರದೋ ಏನೋ, ಅಂಗಡಿಯದಂತೂ ಅಲ್ಲ. ಕುಣಿಯುತ್ತಲೇ ರಸ್ತೆ ದಾಟಿದಳು. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಕಾಲು ನಿಧಾನವಾಯಿತು. ತಪ್ಪು ತನ್ನದಾಗಿದ್ದರೆ ಅಕ್ಕನಿಗೆ ಕೆಲಸವಾದರೂ ಇರುತ್ತಿತ್ತು.

ಅಕ್ಕ ತಾರಸಿಯ ಮೇಲೆ ಬಟ್ಟೆ ಮಡಚುತ್ತಿದ್ದಳು. ಪ್ರಶ್ನೆಪತ್ರಿಕೆ ಇಟ್ಟಿಗೆ ಆಟದಿಂದ ಶುರುಮಾಡಿ ಕನ್ನಡಕದ ಹುಡುಗಿಯವರೆಗೆ ಏನನ್ನೂ ಬಿಡದೆ ಹೇಳಿದಳು. ಬೈಗುಳಕ್ಕೆ ತಯಾರಾಗಿ ನಿಂತಳು. ಅಕ್ಕ ದಿಂಬಿನ ಕವರು ಕೊಡವಿ ಮಡಚಿದಳು.

"ನಂಗೆ ಎರಡನೇ ದಿನಾನೇ ಗೊತ್ತಾಯ್ತು ಕಣೆ. ಅವರು ಕೊಟ್ಟ ಏಪ್ರನ್ ಜೇಬಲ್ಲಿ ಯಾರದೋ ಹೇರ್‌ಪಿನ್ ಇತ್ತು. ಇನ್ಯಾರದೋ ಬಸ್ ಟಿಕೆಟ್. ಮತ್ತೊಬ್ರ ಹೆಸರು ಬರೆದಿದ್ದ ಟ್ರಯಲ್ ಚೀಟಿ."

"ಮತ್ತೆ ಫೋನ್ ಯಾಕೆ ಬಚ್ಚಲಿಗೂ ತಗೊಂಡು ಹೋಗ್ತಿದ್ದೆ?"

ಅಕ್ಕ ಇನ್ನೊಂದು ಬಟ್ಟೆ ಕೈಗೆತ್ತಿಕೊಂಡಳು. "ನಾನು ಕಾಯ್ತಾ ಇದೀನಿ ಅಂತ ಮನೇಲಿ ಎಲ್ರಿಗೂ ಕಾಣ್ಲಿ ಅಂತ. ಉತ್ತರ ಬರೋದಿದೆ ಅಂದ್ರೆ ಅತ್ತೆ ಕಾಯ್ತಾರೆ. ಇಲ್ಲ ಅಂತ ಬಂದ್ಬಿಟ್ರೆ ನಾನು ಹೊರಡ್ಬೇಕು."

ಅವಳಿಗೆ ಬೇಕಿದ್ದದ್ದು ಇನ್ನು ಐದು ದಿನ. ಬೇಕರಿಯ ಯಜಮಾನಿ ಬುಧವಾರ ಬರಲು ಹೇಳಿದ್ದರು. ಅಲ್ಲಿ ಟ್ರಯಲ್ ಇರಲಿಲ್ಲ. ಸಂಬಳ ಇಷ್ಟು, ರಜೆ ಇಂಥ ದಿನ ಎಂದು ಅವರು ಕೇಳುವ ಮೊದಲೇ ಹೇಳಿದ್ದರು. ಕೊಟ್ಟೇ ಕೊಡುತ್ತಾರೆಂದಲ್ಲ, ಆದರೆ ನಿಜವಾದ ಕೆಲಸದ ಹಾಗೆ ಕಾಣುತ್ತಿದೆ ಎಂದಳು ಅಕ್ಕ.

"ಸುಳ್ಳು ಟ್ರಯಲ್ ಅಂತ ಗೊತ್ತಿದ್ದೂ ಮೂಲೆ ಯಾಕೆ ಮಡಚಿದೆ?"

"ಮನೇಲಿ ಸ್ಟಿಕರ್ ಕಿತ್ತು ತಟ್ಟೆ ತೊಳ್ಯೋರಿಗೂ ಆ ಅಂಗಡಿಯವ್ರ ಸುಳ್ಳಿಗೂ ಏನು ಸಂಬಂಧ?" ಎಂದು ಅಕ್ಕ ಮಡಚಿದ ಬಟ್ಟೆಯ ರಾಶಿಯನ್ನು ಅವಳ ಕೈಗಿಟ್ಟಳು.

ಭಾನುವಾರ ಹತ್ತು ಗಂಟೆಗೆ ಅತ್ತೆ ಬಂದರು. ಹತ್ತೂ ಕಾಲಿಗೆ ಅವಳಿಗಳಲ್ಲಿ ಒಂದು ಮಗು ಚಪ್ಪಲಿ ಸ್ಟ್ಯಾಂಡಿನೊಳಗೆ ಸಿಕ್ಕಿಕೊಂಡಿತ್ತು, ಇನ್ನೊಂದು ಪ್ರಶ್ನೆಪತ್ರಿಕೆಯ ರಬ್ಬರನ್ನು ಅರ್ಧ ತಿಂದಿತ್ತು. ಅತ್ತೆ ಅಕ್ಕನ ಕೆನ್ನೆ ಸವರಿ, ಎಷ್ಟು ಸೊರಗಿದ್ದೀಯ, ನಮ್ಮಲ್ಲಿಗೆ ಬಂದರೆ ಎರಡೇ ತಿಂಗಳಲ್ಲಿ ಮೈ ತುಂಬಿಕೊಳ್ಳುತ್ತೀಯ ಎಂದರು. ಅವರು ಕೆಟ್ಟವರೇನೂ ಅಲ್ಲ. ಅವರ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪು ಇತ್ತು.

"ಏನಣ್ಣ, ಫೋನ್ ಬಂತಾ ಇಲ್ವಾ?" ಎಂದು ಅವರು ಅಪ್ಪನನ್ನು ಕೇಳಿದರು. "ಬಂದಿಲ್ಲ ಅಂದ್ರೆ ಸಂಜೆ ಬಸ್ಸಿಗೇ ಕರ್ಕೊಂಡು ಹೋಗ್ತೀನಿ."

ಅಪ್ಪ ಗಂಟಲು ಸರಿಮಾಡಿಕೊಂಡರು. ಸರಿಯಾಗಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಅಕ್ಕ ನೆಲ ನೋಡುತ್ತಿದ್ದಳು.

"ಅತ್ತೆ," ಎಂದಳು ಪ್ರಶ್ನೆಪತ್ರಿಕೆ. "ಶುಕ್ರವಾರ ನಾನೇ ಅಂಗಡಿಗೆ ಹೋಗಿ ಕೇಳ್ದೆ. ಸೋಮವಾರ ಬರೋಕೆ ಹೇಳಿದಾರೆ."

"ಯಾರು ಹೇಳಿದ್ದು?"

"ಮ್ಯಾನೇಜರೇ."

"ಕೆಲಸ ಗ್ಯಾರಂಟಿನಾ ಹಾಗಾದ್ರೆ?"

"ನೋಡ್ತಾ ಇದೀವಿ ಅಂದ್ರು. ಒಳ್ಳೇ ಜನ ಸಿಗೋದು ಕಷ್ಟವಂತೆ ಈಗ."

ಅತ್ತೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿದರು. ಮ್ಯಾನೇಜರೇ ಕರೆದಿದ್ದಾರೆಂದ ಮೇಲೆ ಅಡ್ಡ ಬರುವುದು ಸರಿಯಲ್ಲ, ಮುಂದಿನ ಭಾನುವಾರದವರೆಗೆ ನೋಡೋಣ ಎಂದರು. ಸಂಜೆ ಬಸ್ಸಿಗೆ ಅವಳಿಗಳನ್ನು ಎರಡೂ ಕಂಕುಳಲ್ಲಿ ಇಟ್ಟುಕೊಂಡು ಒಬ್ಬರೇ ಹೊರಟರು. ಬಸ್ ಸ್ಟಾಪಿನವರೆಗೂ ಅಪ್ಪ ಚೀಲ ಹೊತ್ತರು.

ಬಾಗಿಲು ಮುಚ್ಚಿದ ಮೇಲೆ ಅಕ್ಕ ಬಂದು ತಂಗಿಯ ಕೂದಲು ಕೆದರಿದಳು. "ಪರವಾಗಿಲ್ವೇ ನೀನು. ಒಂದು ಸುಳ್ಳೂ ಹೇಳ್ಲಿಲ್ಲ."

ಪ್ರಶ್ನೆಪತ್ರಿಕೆಗೆ ನಗು ಬರಬೇಕಿತ್ತು, ಬರಲಿಲ್ಲ. ಅತ್ತೆಗೆ ಹೇಳಿದ ಮಾತುಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡಳು. ನಿಜ, ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಮ್ಯಾನೇಜರೂ ಅವಳಿಗೆ ಒಂದು ಸುಳ್ಳೂ ಹೇಳಿರಲಿಲ್ಲ. ಸುಳ್ಳಾಡದೆಯೇ ನಂಬಿಸುವ ಹಾಗೆ ಮಾತಾಡಲು ಅವರಿಗೆ ಎಷ್ಟು ವರ್ಷದ ಅನುಭವ ಬೇಕಾಯಿತೋ ಗೊತ್ತಿಲ್ಲ. ಅವಳಿಗೆ ಎರಡೇ ದಿನ ಸಾಕಾಗಿತ್ತು.

ಕಿಟಕಿಯಿಂದ ಬಸ್ ಸ್ಟಾಪು ಕಾಣುತ್ತಿತ್ತು. ಅತ್ತೆ ಒಂದು ಮಗುವನ್ನು ಅಪ್ಪನಿಗೆ ಕೊಟ್ಟು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

"ಅಕ್ಕ, ಬುಧವಾರ ಬೇಕರಿಗೆ ನಾನೂ ಬರ್ಲಾ?" ಎಂದು ಕೇಳಿದಳು. ಆಮೇಲೆ ತಾನೇ ಸೇರಿಸಿದಳು, "ನಾನು ಏನೂ ಮಾತಾಡಲ್ಲ. ಹೊರಗೇ ನಿಂತಿರ್ತೀನಿ."