ಎದೆಯೊಳಗಿನ ಕಾವಲು

ಕುರಿಗಾರ ಗೂಳಪ್ಪನ ಮಗಳು ಅನ್ನಪೂರ್ಣಾ ತನಗೆ ಕಣ್ಣು ಹೊಡೆದಳೆಂದೇ ಸಿದ್ಧಾರೂಢ ತಿಳಿದ. ಕಲಘಟಗಿಯ ಪಶು ಆಸ್ಪತ್ರೆಯಿಂದ ದುಮ್ಮವಾಡದ ಕುರಿಗಳಿಗೆ ಲಸಿಕೆ ಹಾಕಲು ಬಂದಿದ್ದ. ಹೊತ್ತು ಇಳಿದಿತ್ತು. ಅನ್ನಪೂರ್ಣಾ ಟಗರೊಂದನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು ತಲೆಯೆತ್ತಿದಳು. ಅವಳ ಎಡಗಣ್ಣಿನ ರೆಪ್ಪೆ ಮೆಲ್ಲಗೆ ಇಳಿದು ಅರ್ಧಕ್ಕೇ ನಿಂತಿತು. ಸೂಜಿ ಅವನ ಹೆಬ್ಬೆರಳಿಗೇ ಚುಚ್ಚಿತು.

"ಕುರಿ ಯಾವುದು ಅಂತ ತಿಳೀಲಿಲ್ಲೇನ್ರಿ ಡಾಕ್ಟರ್?" ಎಂದಳು ಅವಳು, ನಗದೆ.

ಅವನು ಡಾಕ್ಟರಲ್ಲ, ಬರೀ ಜಾನುವಾರು ಇನ್‌ಸ್ಪೆಕ್ಟರ್. ಆದರೂ ಅವಳನ್ನು ತಿದ್ದಲಿಲ್ಲ.

ಆಮೇಲೆ ಅವನ ಬೈಕಿಗೆ ದುಮ್ಮವಾಡದ ದಾರಿಯೊಂದೇ ಗೊತ್ತು ಎಂಬಂತಾಯಿತು. ಗಟ್ಟಿಮುಟ್ಟಾದ ಕುರಿಗಳನ್ನೂ ತಪಾಸಣೆ ಮಾಡಿದ. ಗೂಳಪ್ಪ ಏನೂ ತಿಳಿಯದ ದಡ್ಡನಲ್ಲ. ಎರಡು ಮನೆಗಳ ಬೆಡಗು, ಅಂದರೆ ಗೋತ್ರ, ಬೇರೆ ಬೇರೆಯಾಗಿದ್ದರಿಂದ ಸಂಬಂಧಕ್ಕೆ ಅಡ್ಡಿಯಿರಲಿಲ್ಲ, ನಿಶ್ಚಯವೂ ಆಯಿತು.

"ಮುಂಜಾನೆ ನೀ ಎಲ್ಲಾರ್ಹಂಗ ಇರ್ತಿ," ಎಂದ ಅವನು ಒಮ್ಮೆ, ಹಟ್ಟಿಯ ಬೇಲಿಗೆ ಒರಗಿ. "ಸಂಜೀ ಮುಂದ ಆ ನಿದ್ದಿಗಣ್ಣು ಬರತೈತಲ್ಲ, ನಾ ಅದಕ್ಕ ಸೋತೆ ನೋಡು."

ಅವಳು ನಕ್ಕಳು. ಆ ನಗೆಯೂ ಅರ್ಧಕ್ಕೇ ನಿಂತಿತು, ಅವನಿಗೆ ಅದೂ ಚೆಂದವೇ ಕಂಡಿತು. ಪ್ರೀತಿಯಲ್ಲಿ ಬಿದ್ದವರ ಕಣ್ಣಿಗೆ ಏನು ತಾನೇ ಕಾಣುತ್ತದೆ? ಅವನು ಆ ಮಾತು ಆಡಬಾರದಿತ್ತು.

ಏಕೆಂದರೆ ಅಂದಿನಿಂದ ಅನ್ನಪೂರ್ಣಾ ಎಲ್ಲವನ್ನೂ ಮುಚ್ಚಿಟ್ಟಳು. ಸಂಜೆಗೆ ಒಂದೊಂದು ಕುರಿ ಎರಡೆರಡಾಗಿ ಕಾಣುವುದನ್ನು ಹೇಳಲಿಲ್ಲ. ಜಡೆ ಹಾಕಿಕೊಳ್ಳುವಷ್ಟರಲ್ಲಿ ತೋಳು ಸೋಲುವುದನ್ನೂ, ರೊಟ್ಟಿ ಅಗಿಯಲಾಗದೆ ಹಾಲಿನಲ್ಲಿ ನೆನೆಸಿ ನುಂಗುವುದನ್ನೂ ಹೇಳಲಿಲ್ಲ. ತಾಯಿ ದುರ್ಗವ್ವ ಮದುಮಗಳಿಗೆ ಕಣ್ಣು ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು. ಒಂದು ಸಂಜೆ ಸಿದ್ಧಾರೂಢನ ಎದುರಿಗೇ ಅನ್ನಪೂರ್ಣಾ ಕುಡಿದ ನೀರು ಮೂಗಿನಿಂದ ಹೊರಬಂತು. ಅವನು ಹೆದರಿಹೋದ. ಮರುದಿನವೇ ಗೂಳಪ್ಪನೂ ಅವನೂ ಅವಳನ್ನು ಕರೆದುಕೊಂಡು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದರು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು. ಎದೆಯ ಎಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ರೋಗದ ಮೇಲೆ ಬೀಳುವ ರಕ್ತದ ಕೆಲವು ಕಾವಲು ಕಣಗಳು ಎಳವೆಯಲ್ಲಿ ಅಲ್ಲೇ ಬೆಳೆಯುತ್ತವೆ. ಮೈಯ ಬೇರೆ ಬೇರೆ ಅಂಗಗಳ ಗುರುತುಗಳನ್ನು ಗ್ರಂಥಿ ಅವುಗಳಿಗೆ ಅಲ್ಲೇ ತೋರಿಸುತ್ತದೆ. ತನ್ನದೇ ಮೈಯ ಮೇಲೆ ಎಗರುವ ಕಣವನ್ನು ಹೆಚ್ಚಾಗಿ ಅಲ್ಲೇ ಮುಗಿಸುತ್ತದೆ. ಅನ್ನಪೂರ್ಣಾಳ ಗ್ರಂಥಿಯಲ್ಲಿ ಗಂಟು ಬೆಳೆದು ಆ ಪಾಠ ಕೆಟ್ಟಿತ್ತು.

ಗೂಳಪ್ಪ ಅದನ್ನು ತನ್ನ ಹಟ್ಟಿಗೆ ಹೋಲಿಸಿಕೊಂಡ. "ನಾಯಿಮರೀನ ಕುರಿಮರಿ ಜೋಡಿ ಹಟ್ಟ್ಯಾಗ ಬೆಳಸತೀವ್ರಿ. ಇವು ನನ್ನವು ಅಂತ ಅದಕ್ಕ ತಿಳೀಬೇಕು. ಕುರಿಗೆ ಹಲ್ಲು ಹಚ್ಚಿದ ಮರೀನ ಉಳಸೂದಿಲ್ಲ."

"ಹಂಗ ಐತ್ರಿ," ಎಂದರು ಡಾಕ್ಟರಮ್ಮ. "ಇಕಿ ಎದ್ಯಾಗ ಹಲ್ಲು ಹಚ್ಚೂವು ಉಳದು ಹೊರಗ ಬಂದಾವು."

ನರ ಹೇಳಿದ್ದು ಸ್ನಾಯುವಿಗೆ ಮುಟ್ಟದಂತೆ ಈಗ ಅವು ಅಡ್ಡ ನಿಂತಿದ್ದವು. ಗಂಟನ್ನು ತೆಗೆಯಲೇಬೇಕಿತ್ತು. ಆದರೆ ಹೊರಬಿದ್ದ ಕಣಗಳು ತಿರುಗಿ ಬರುವುದಿಲ್ಲ, ಔಷಧಿಯಿಂದ ಹತೋಟಿಯಲ್ಲಿಡಬೇಕು. ಗುಣವಾಗಲು ವರ್ಷಗಳು ಬೇಕಾಗಬಹುದು, ಆಗದೆಯೂ ಇರಬಹುದು. ಉಸಿರಾಡುವ ಸ್ನಾಯುಗಳೇ ಸೋತರೆ ಜೀವಕ್ಕೆ ಅಪಾಯ. ಅವರು ಯಾವ ಭರವಸೆಯನ್ನೂ ಕೊಡಲಿಲ್ಲ.

ಹೊರಗಿನ ಬೆಂಚಿನ ಮೇಲೆ ಸಿದ್ಧಾರೂಢ ಕೇಳಿದ, ಮೊದಲೇ ಯಾಕೆ ಹೇಳಲಿಲ್ಲ ಎಂದು.

"ನೀವು ಮೆಚ್ಚಿದ್ದು ಈ ನಿದ್ದಿಗಣ್ಣನ್ನ ಅಲ್ಲೇನ್ರಿ?" ಎಂದಳು ಅನ್ನಪೂರ್ಣಾ. ಮಾತು ಮೂಗಿನಲ್ಲಿ ಬರುತ್ತಿತ್ತು. "ಅದಕ್ಕ ಔಷಧ ಕೇಳಾಕ ಹೆಂಗ ಹೋಗಲಿ?"

ಅವನಿಗೆ ಆಗ ಹೊಳೆಯಿತು. ಇಷ್ಟು ದಿನ ತಾನು ಮುದ್ದಿಸಿದ್ದು ಅವಳ ರೋಗವನ್ನು. ಎಲ್ಲರ ಎದುರಿಗೇ ಅತ್ತುಬಿಟ್ಟ.

"ಕಣ್ಣು ಹೆಂಗರ ಇರಲಿ," ಎಂದ. "ನೀ ಇರಬೇಕು ನನಗ."

ಅವನ ತಾಯಿ ಮಹಾದೇವಕ್ಕನಿಗೆ ಇದು ಹಿಡಿಸಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಬಂದು, ಹಾಸಿಗೆಯ ಮಗ್ಗುಲಲ್ಲೇ ನಿಂತು, ಮಗನಿಗೆ ಬೇರೆ ಹೆಣ್ಣು ನೋಡುವುದಾಗಿ ದುರ್ಗವ್ವನಿಗೆ ಹೇಳಿದಳು. ಅನ್ನಪೂರ್ಣಾ ಗೋಡೆಯ ಕಡೆ ಹೊರಳಿ ಮಲಗಿದ್ದಳು, ಆದರೆ ನಿದ್ದೆ ಮಾಡಿರಲಿಲ್ಲ.

ಗಂಟು ತೆಗೆದರು. ಆದರೆ ಅವಳಾಗಿ ಉಸಿರಾಡಲು ಆಗಲಿಲ್ಲ. ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಹಚ್ಚಿದರು. ಎಚ್ಚರವಿದ್ದರೂ ಕಣ್ಣು ತೆರೆಯಲು ಅವಳಲ್ಲಿ ಬಲವಿರಲಿಲ್ಲ. ಎಲ್ಲ ಕೇಳಿಸುತ್ತದೆ, ಮಾತಾಡಿಸಿರಿ ಎಂದಳು ನರ್ಸ್.

ಸಿದ್ಧಾರೂಢ ಅವಳ ಕೈಯ ಕೆಳಗೆ ತನ್ನ ಅಂಗೈ ಇಟ್ಟ. ತೋರುಬೆರಳು ಅಲುಗಿತು. ಬಹಳ ನಿಧಾನವಾಗಿ, ನಡುನಡುವೆ ದಣಿವಾರಿಸಿಕೊಳ್ಳುತ್ತ, ಅವಳು ಅಂಗೈಯ ಮೇಲೆ ಬರೆದಳು. ಹೋಗ್ರಿ.

ಅವನಿಗೆ ಸ್ಪಷ್ಟವಾಗಿಯೇ ತಿಳಿಯಿತು.

"ನನಗ ಓದಾಕ ಬರೂದಿಲ್ಲ," ಎಂದ.

ಬೆರಳು ಮೊದಲಿಗಿಂತ ದೊಡ್ಡದಾಗಿ ಅದನ್ನೇ ಬರೆಯಿತು.

"ಬರೂದಿಲ್ಲ ಅಂದೆನಲ್ಲ."

ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯತ್ತ ಇಳಿಯಿತು. ಅವನು ಒರೆಸಿದ. ಹೊತ್ತಾಯಿತು, ಹೊರಗೆ ನಡೆಯಿರಿ ಎಂದಳು ನರ್ಸ್. ಅವನು ಏಳಲು ಹೋದಾಗ ಆ ಬೆರಳು ಅವನ ಹೆಬ್ಬೆರಳನ್ನು ಸುತ್ತಿ ಹಿಡಿದಿತ್ತು.