ಬಚ್ಚಲುಮನೆಯ ಕನ್ನಡಿ ಬೀರು

ಕೆಮ್ಮಿನ ಔಷಧಿ ಎಂದುಕೊಂಡು ಖಲೀಲುಲ್ಲಾ ಸಾಹೇಬರು ಮಂಡಿಗೆ ಹಚ್ಚುವ ತೈಲವನ್ನು ಎರಡು ಚಮಚ ಕುಡಿದ ದಿನವೇ ಆ ಮನೆಗೆ ಔಷಧಿ ಬೀರು ಬರುವುದು ಖಾತ್ರಿಯಾಯಿತು. ಕೆಮ್ಮೇನೋ ನಿಂತಿತು. ಆದರೆ ಮೂರು ದಿನ ಅವರು ಬಾಯಿ ತೆರೆದರೆ ಸಾಕು, ಮನೆಯೆಲ್ಲ ಕರ್ಪೂರದ ವಾಸನೆ.

"ಇನ್ಮೇಲೆ ಔಷಧಿಯೆಲ್ಲಾ ಒಂದೇ ಕಡೆ ಇರ್ಬೇಕು. ಬಚ್ಚಲುಮನೇಲಿ ಒಂದು ಬೀರು ಹೊಡೆಸ್ತೀನಿ" ಎಂದು ಸಾಹೇಬರು ಅಪ್ಪಣೆ ಹೊರಡಿಸಿದರು. ಹೊಸಕೋಟೆ ತಾಲ್ಲೂಕು ಕಚೇರಿಯ ಗುಮಾಸ್ತರಲ್ಲವೇ, ಮನೆಯಲ್ಲೂ ಅದೇ ಗತ್ತು.

ಎರಡನೇ ಮಹಾಯುದ್ಧ ಮುಗಿದ ಹೊಸತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಮಿಲಿಟರಿಯವರು ಬಿಟ್ಟುಹೋದ ಸಾಮಾನು ಅಗ್ಗಕ್ಕೆ ಸಿಗುತ್ತಿತ್ತು. ಆರಿಸಿ ತರುವ ಕೆಲಸವನ್ನು ನಜೀಬುಲ್ಲಾ ತಾನಾಗಿಯೇ ಹೊತ್ತುಕೊಂಡ. ಅವನು ಊರಿನ ಬಸ್ ಶೆಡ್ಡಿನ ಮೆಕ್ಯಾನಿಕ್. ಸಾಹೇಬರ ಒಬ್ಬಳೇ ಮಗಳು ನೂರುನ್ನೀಸಾಳಿಗೆ ನೋಡಿಟ್ಟ ಗಂಡು. ಮದುವೆಯಾದ ಮೇಲೆ ಮನೆಅಳಿಯನಾಗಿ ಇಲ್ಲೇ ಇರುವವನು. ಬರುವ ಶುಕ್ರವಾರ ತಾರೀಖು ನಿಶ್ಚಯವಾಗಬೇಕಿತ್ತು.

ನೂರುನ್ನೀಸಾ ಮಾತ್ರ ಒಳಗೊಳಗೇ ಕುದಿಯುತ್ತಿದ್ದಳು. ಊರಿನಲ್ಲಿ ಯಾವ ಗಂಡು ತಾನೇ ಸುಮ್ಮನಿರುತ್ತದೆ? ನೀರು ಕೇಳುವ ನೆಪ, ಟೋಪಿ ಮರೆತುಹೋದ ನೆಪ, ಏನಾದರೊಂದು ಮಾಡಿ ಪರದೆಯ ಕಡೆ ಒಮ್ಮೆ ಇಣುಕದವರುಂಟೇ? ಈತ ಮೂರು ಸಲ ಬಂದ. ಮೂರು ಸಲವೂ ತಲೆ ಎತ್ತಿ ಹೆಂಚು ನೋಡಿದ, ತೊಲೆ ನೋಡಿದ, ಹೋದ.

"ಮನೆ ನೋಡೋಕೆ ಬಂದವ್ರೋ, ನನ್ನ ನೋಡೋಕೋ?" ಎಂದು ಅವಳು ಅಜ್ಜಿ ಅನ್ವರ್ ಬೇಗಂ ಮುಂದೆ ಸಿಡಿದಳು. "ದಾದಿ, ಶುಕ್ರವಾರ ನಾನು ಒಲ್ಲೆ ಅಂತೀನಿ. ಬೇಕಾದ್ರೆ ಆ ಹೆಂಚನ್ನೇ ಕಟ್ಕೊಳ್ಲಿ."

"ಹುಚ್ಚು ಹುಡುಗಿ! ಕಣ್ಣು ನೆಟ್ಟಗಿರೋ ಗಂಡು ಸಿಗೋದೇ ಕಷ್ಟ ಕಣೇ" ಎಂದು ದಾದಿ ಎಲೆಅಡಿಕೆ ಕುಟ್ಟಿದರು.

ಅಷ್ಟರಲ್ಲಿ ಬೆಂಗಳೂರಿಗೆ ಹೋಗಿದ್ದ ನಜೀಬುಲ್ಲಾನ ಕಾಗದ ಬಂತು. ಅಂಗಡಿಯಲ್ಲಿ ಮೂರು ಬಗೆಯ ಬೀರು ಇವೆ, ಸಾಗುವಾನಿಯದು ಚೆಂದ, ಆದರೆ ಹಂಡೆಯ ಹಬೆಗೆ ಉಬ್ಬಿ ಬಾಗಿಲು ಕಚ್ಚಿಕೊಳ್ಳುತ್ತದೆ, ತಗಡಿನವು ಎರಡು, ಒಂದಕ್ಕೆ ಬೀಗ, ಒಂದಕ್ಕೆ ಕನ್ನಡಿ, ಯಾವುದು ತರಲಿ? ಸಾಹೇಬರು ಬೀಗ ಎಂದರು. ಬಚ್ಚಲಲ್ಲಿ ಕನ್ನಡಿಯಿಟ್ಟರೆ ಅದರಲ್ಲಿ ಜಿನ್ ಬಂದು ಕೂರುತ್ತದೆ ಎಂದರು ದಾದಿ.

"ಕನ್ನಡಿದೇ ಇರ್ಲಿ ಅಬ್ಬಾ, ನಿಮಗೆ ಕ್ಷೌರಕ್ಕೆ ಆಗುತ್ತೆ" ಎಂದಳು ನೂರುನ್ನೀಸಾ, ಬೆಣ್ಣೆಯಂಥ ದನಿಯಲ್ಲಿ. ಬಚ್ಚಲುಮನೆಯ ಗೋಡೆ ಅಡುಗೆಮನೆಯ ಬಾಗಿಲಿಗೆ ನೇರ ಎದುರು. ಗೋಡೆಗೆ ಮುಖ ಮಾಡಿ ಕೆಲಸ ಮಾಡುವವನಿಗೆ ಬೆನ್ನ ಹಿಂದೆ ನಿಂತವಳು ಕಾಣಿಸಬೇಕು. ಕಂಡಮೇಲೂ ಅವನು ಹೆಂಚನ್ನೇ ನೋಡಿದರೆ, ಮದುವೆ ಬೇಡ. ಅವಳ ಲೆಕ್ಕ ಅಷ್ಟು ಸರಳವಾಗಿತ್ತು.

ಭಾನುವಾರ ಇದ್ದಿಲಿನಲ್ಲಿ ಓಡುವ ಬಸ್ಸಿನ ನೆತ್ತಿಯ ಮೇಲೆ, ಕಂಬಳಿ ಹೊದ್ದು, ಬೀರು ಬಂತು. ಸಾಹೇಬರು ಪೇಟೆಗೆ ಹೋಗಿದ್ದರು. ಹೋಗುವ ಮೊದಲು "ನನ್ನ ಮೂಗಿನ ಎತ್ತರಕ್ಕೆ ಹೊಡಿ" ಎಂದು ಗೋಡೆಗೆ ಇದ್ದಿಲಿನ ಗೆರೆ ಎಳೆದಿದ್ದರು. ದಾದಿ ಕಾವಲಿಗೆಂದು ಅಂಗಳದಲ್ಲಿ ಮಣೆ ಹಾಕಿಕೊಂಡು ಕೂತು, ಐದೇ ನಿಮಿಷದಲ್ಲಿ ತೂಕಡಿಸಿದರು.

ಮಣ್ಣಿನ ಗೋಡೆಯಲ್ಲಿ ಬರಿಯ ಮೊಳೆ ನಿಲ್ಲುವುದಿಲ್ಲ. ನಜೀಬುಲ್ಲಾ ಒಂದು ಮರದ ಗೂಟ ಬಡಿದು, ಬೀರುವಿನ ಒಂದು ಕಿವಿಯನ್ನು ಅದಕ್ಕೆ ತಗಲಿಸಿ, ಎರಡನೇ ಗೂಟವನ್ನು ಎಡಗೈಯಲ್ಲಿ ಹಿಡಿದು ಸುತ್ತಿಗೆ ಎತ್ತಿದ.

ನೂರುನ್ನೀಸಾ ಅಡುಗೆಮನೆಯ ಪರದೆ ಸರಿಸಿ ಮುಂದೆ ಬಂದಳು.

ವಾಲಿದ ಕನ್ನಡಿಯಲ್ಲಿ ಮೊದಲು ಅವಳೇ ಅವನನ್ನು ಕಂಡಳು. ಕಿವಿಯ ಮೇಲೆ ಪೆನ್ಸಿಲ್, ಮೂಗಿನ ತುದಿಗೆ ಮಣ್ಣು, ಏಕಾಗ್ರತೆಯಿಂದ ಹೊರಬಂದಿದ್ದ ನಾಲಗೆ. ಸಿಟ್ಟಿನಲ್ಲಿ ಬಂದವಳಿಗೆ ನಗು ಬರುವಂತಾಯಿತು. ಆಗ ಅವನ ಕಣ್ಣು ಮೇಲೆದ್ದು ಅವಳ ಕಣ್ಣಿಗೆ ಸಿಕ್ಕಿತು.

ಮರುಕ್ಷಣ ಅವನು ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಎತ್ತಿದ ಸುತ್ತಿಗೆಗೆ ಆ ಸುದ್ದಿ ತಲುಪಲಿಲ್ಲ. ಅದು ಬಂದು ಹೆಬ್ಬೆರಳ ಮೇಲೆ ಬಿತ್ತು.

"ಅಮ್ಮೀ!"

ನೂರುನ್ನೀಸಾಳಿಗೆ ಅಳುವೇ ಬಂತು. ನನ್ನ ಮುಖ ನೋಡುವುದಕ್ಕಿಂತ ಬೆರಳು ಜಜ್ಜಿಕೊಳ್ಳುವುದೇ ವಾಸಿಯೆನಿಸಿತೇ ಈ ಮನುಷ್ಯನಿಗೆ? ಆದರೂ ಕಾಲು ತಾನಾಗಿ ಓಡಿ, ಔಷಧಿ ಬುಟ್ಟಿಯಿಂದ ಟಿಂಕ್ಚರ್ ಶೀಶೆ, ಹತ್ತಿ ತಂದಿತು.

"ಬೆರಳು ಈ ಕಡೆ ಹಿಡೀರಿ."

ಅವನು ಕಣ್ಣು ಮುಚ್ಚಿಕೊಂಡೇ ಬೆರಳನ್ನು ಹಂಡೆಯ ಕಡೆ ಚಾಚಿದ.

"ಹಂಡೆಗಲ್ಲ, ನನಗೆ! ಕಣ್ಣು ಬಿಡಿ."

"ಬಿಡಲ್ಲ."

"ನಾನೇನು ದೆವ್ವಾನಾ?"

"ಅಯ್ಯೋ, ಹಂಗಲ್ಲ!" ಎಂದ ನಜೀಬುಲ್ಲಾ, ನೋವಿಗೋ ನಾಚಿಕೆಗೋ ಕೆಂಪಾಗಿ. "ನಮ್ಮಣ್ಣ ಮದುವೆಗೆ ಮುಂಚೆ ಗೋಡೆ ಹತ್ತಿ ಅತ್ತಿಗೇನ ನಾಲ್ಕು ಸಲ ನೋಡ್ಬಿಟ್ಟಿದ್ದ. ಜಲ್ವಾ ದಿನ ಇಬ್ಬರ ಮಧ್ಯೆ ಕನ್ನಡಿ ಇಟ್ಟು ಮುಖ ತೋರಿಸ್ತಾರಲ್ಲ, ಆವಾಗ ಅವನು ಆಕಳಿಸಿಬಿಟ್ಟ. ಹನ್ನೊಂದು ವರ್ಷ ಆಯ್ತು, ಅತ್ತಿಗೆ ಇವತ್ತಿಗೂ ಅನ್ನ ಬಡಿಸುವಾಗ ಅದನ್ನೇ ಅಂತಾರೆ. ಅದಕ್ಕೇ ನಾನು, ನಿಮ್ಮನ್ನ ಮೊದಲ ಸಲ ನೋಡೋದು ಆ ಕನ್ನಡೀಲೇ ಅಂತ ಮನಸ್ಸಲ್ಲೇ ಆಣೆ ಇಟ್ಕೊಂಡಿದ್ದೆ."

ನೂರುನ್ನೀಸಾ ಹತ್ತಿಯನ್ನು ಟಿಂಕ್ಚರಿನಲ್ಲಿ ಅದ್ದಿ ಅವನ ಬೆರಳಿಗೆ ಒತ್ತಿದಳು.

"ಮತ್ತೆ ಬಂದಾಗೆಲ್ಲಾ ಹೆಂಚು ನೋಡ್ತಿದ್ದದ್ದು?"

"ಇನ್ನೆಲ್ಲಿ ನೋಡ್ಲಿ? ನೆಲ ನೋಡಿದ್ರೆ ಪರದೆ ಕೆಳಗೆ ನಿಮ್ಮ ಕಾಲು. ಎದುರು ನೋಡಿದ್ರೆ ಪರದೆ ಅಲ್ಲಾಡೋದು. ಎದೆ ಹೊಡ್ಕೊಳ್ತಿತ್ತು ರೀ. ಹೆಂಚು ಎಣಿಸ್ತಾ ಕೂತೆ. ಪಡಸಾಲೆ ಮೇಲೆ ನಾನೂರ ಹನ್ನೆರಡು ಇದಾವೆ, ಎರಡು ಸೀಳಿದಾವೆ."

ಅವಳು ನಕ್ಕುಬಿಟ್ಟಳು. ಮೂರು ವಾರದಿಂದ ಎದೆಯಲ್ಲಿ ಕಟ್ಟಿಕೊಂಡಿದ್ದುದೆಲ್ಲ ಆ ನಗುವಿನಲ್ಲಿ ಕರಗಿಹೋಯಿತು. ಈ ಪೆದ್ದ ನನಗೆ ಬೇಕು ಎಂದು ಅವಳಿಗೆ ಅನುಮಾನವಿಲ್ಲದೆ ಗೊತ್ತಾಯಿತು.

"ಆಗ್ಲೇ ನೋಡಿಬಿಟ್ರಲ್ಲ."

"ಅರ್ಧ. ಮೂಗಿನ ಮೇಲಿಂದ ಅಷ್ಟೇ. ಕನ್ನಡಿ ಎತ್ತರಕ್ಕಿದೆ."

"ಇದೂ ಕನ್ನಡೀನೇ ತಾನೇ? ಉಳಿದರ್ಧಕ್ಕೆ ಆಣೆ ಯಾಕೆ?" ಎಂದು ನೂರುನ್ನೀಸಾ ಬಚ್ಚಲ ಕಲ್ಲಿನ ಮೇಲೆ ಹತ್ತಿ, ವಾಲಿದ ಕನ್ನಡಿಗೆ ಸರಿಯಾಗಿ ತಾನೂ ತಲೆ ವಾಲಿಸಿದಳು.

ಅವನು ಒಂದು ಕಣ್ಣು ಬಿಟ್ಟ. ಆಮೇಲೆ ಎರಡೂ. ಟಿಂಕ್ಚರ್ ಉರಿಯುತ್ತಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ.

"ಸಾಕು, ಇಳಿಯೇ!" ಅಂಗಳದಿಂದ ದಾದಿಯ ದನಿ ಬಂತು. "ಎಷ್ಟೊತ್ತು ಅಂತ ನಾನು ನಿದ್ದೆ ಮಾಡೋದು? ಕತ್ತು ನೋಯ್ತಿದೆ."

ನೂರುನ್ನೀಸಾ ಪರದೆಯ ಹಿಂದಕ್ಕೆ ಹಾರಿದಳು. ನಜೀಬುಲ್ಲಾ ಹೊಡೆದ ಗೂಟ ಕಿತ್ತು, ಇದ್ದಿಲಿನ ಗೆರೆಯಿಂದ ಗೇಣುದ್ದ ಕೆಳಗೆ ಹೊಸದಾಗಿ ಬಡಿಯತೊಡಗಿದ.

ಮರುದಿನ ಬೆಳಿಗ್ಗೆ ಸಾಹೇಬರು ಮುಖಕ್ಕೆ ಸೋಪು ಹಚ್ಚಿಕೊಂಡು, ಬೆನ್ನು ಬಾಗಿಸಿ, ಮಂಡಿ ಬಗ್ಗಿಸಿ, ಹೇಗೆ ನಿಂತರೂ ಕನ್ನಡಿಯಲ್ಲಿ ಸರಿಯಾಗಿ ಸಿಗದೆ ಕೂಗಾಡಿದರು.

"ಗೆರೆ ಎಳೆದುಕೊಟ್ಟಿದ್ದೆ! ಇದ್ಯಾರ ಅಳತೆಗೆ ಹೊಡೆದಿದಾನೆ ಇವನು?"

"ನನ್ನ ಅಳತೆಗೆ ಅಬ್ಬಾ" ಎಂದಳು ನೂರುನ್ನೀಸಾ, ಬಿಸಿನೀರಿನ ಚೊಂಬು ಹಿಡಿದು.

"ನಿನ್ನ ಅಳತೆ ಅವನಿಗೆ ಹೆಂಗೆ ಗೊತ್ತು?"

ದಾದಿ ಜೋರಾಗಿ ಕೆಮ್ಮಿದರು. ನೂರುನ್ನೀಸಾ ಸೆರಗಿನಲ್ಲಿ ಮುಖ ಮುಚ್ಚಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಮನೆಯಲ್ಲಿ ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವ ಮಾತಲ್ಲ ಅದು. ಹೇಳಿಯೇಬಿಟ್ಟಳು:

"ಅಬ್ಬಾ, ಶುಕ್ರವಾರದವರೆಗೆ ಯಾಕೆ ಕಾಯ್ತೀರಿ? ಇವತ್ತೇ ತಾರೀಖು ಬರೆದು ಕಳಿಸಿ. ನನಗೆ ಅವರು ಇಷ್ಟ."

ಸಾಹೇಬರು ಬಾಗಿದ್ದವರು ಬಾಗಿದಂತೆಯೇ ಮಗಳನ್ನು ನೋಡಿದರು. ಆಮೇಲೆ ಕ್ಷೌರದ ಕತ್ತಿ ಕೆಳಗಿಟ್ಟು, ಟವಲಿಗೆ ಕೈಚಾಚಿ, "ಪೆನ್ನು ಕಾಗದ ತಗೊಂಡ್ಬಾ ಬೇಟಿ" ಎಂದರು.